ಗಡಿ ದಾಟಿದ ದನಗಳಿಗೆ ಮಾತ್ರ

ಎಂಬತ್ತರ ದಶಕದ ಆರಂಭದಲ್ಲಿ ನಾನು ಆನೇಕಲ್ ತಾಲ್ಲೂಕಿನ ತುದಿಯ ಒಂದು ಜಾನುವಾರು ತಪಾಸಣಾ ಠಾಣೆಯಲ್ಲಿ ಕೆಲಸಕ್ಕಿದ್ದೆ. ಠಾಣೆ ಎಂದರೆ ದೊಡ್ಡದೇನಲ್ಲ. ಮಣ್ಣಿನ ರಸ್ತೆಗೆ ಅಡ್ಡ ಒಂದು ಬಿದಿರು ಗಳ, ಪಕ್ಕದಲ್ಲಿ ಶೀಟು ಹೊದಿಸಿದ ಕೋಣೆ, ಒಳಗೆ ಒಂದು ಮೇಜು, ಒಂದು ರಿಜಿಸ್ಟರ್, ಐಸ್ ತುಂಬಿದ ಫ್ಲಾಸ್ಕ್. ತಮಿಳುನಾಡಿನಿಂದ ನಡೆದು ಬರುವ ದನಗಳನ್ನು ನಿಲ್ಲಿಸಿ, ದೊಡ್ಡರೋಗದ ಲಸಿಕೆ ಆಗಿದೆಯೇ ಎಂದು ನೋಡುವುದು, ಆಗಿರದಿದ್ದರೆ ಹಾಕುವುದು, ಬಲಗಿವಿಗೆ ಒಂದು ತೂತು ಹೊಡೆದು ರಿಜಿಸ್ಟರಿನಲ್ಲಿ ಬರೆದು ಬಿಡುವುದು ನನ್ನ ಕೆಲಸ. ದೊಡ್ಡರೋಗ ಹೊಕ್ಕ ಕೊಟ್ಟಿಗೆಯಲ್ಲಿ ದನದ ಬಾಯೆಲ್ಲ ಹುಣ್ಣಾಗಿ, ಕಣ್ಣು ಸೋರಿ, ಭೇದಿಯಾಗಿ, ವಾರದೊಳಗೆ ಗೊಂತೆಲ್ಲ ಖಾಲಿಯಾಗುತ್ತಿತ್ತು. ಬಂದ ಮೇಲೆ ಔಷಧಿಯಿಲ್ಲ. ಬರುವ ಮೊದಲೇ ಸೂಜಿ ಹಾಕಿಸಿರಬೇಕು.

ನಾನು ದನ ಕಂಡು ಬೆಳೆದವನಲ್ಲ. ನಮ್ಮ ಮನೆ ದೊಡ್ಡನೆಕ್ಕುಂದಿಯ ಕಡೆ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಮಗನೂ ಅದೇ ಗೇಟಿನೊಳಗೆ ಹೋಗಿ ಅದೇ ಸೈರನ್ನಿಗೆ ಹೊರಗೆ ಬರಬೇಕೆಂಬುದು ಅವರ ಆಸೆ. ನಾನು ಪಶುವೈದ್ಯ ಇಲಾಖೆಯ ತರಬೇತಿಗೆ ಸೇರಿ, ಅದು ಮುಗಿದು ಕೆಲಸದ ಆದೇಶ ಹಿಡಿದು ಬಂದಾಗ ಅವರು ಅದನ್ನು ಎರಡು ಸಲ ಓದಿ, "ದನ ಕಾಯೋಕೆ ಇಷ್ಟು ಓದಿಸ್ಬೇಕಿತ್ತಾ ನಿನ್ನ?" ಅಂದರು. ನಿಜ ಹೇಳಬೇಕೆಂದರೆ ಮೊದಲ ಆರು ತಿಂಗಳು ನನಗೆ ಎತ್ತಿನ ಹತ್ತಿರ ಹೋಗಲು ಹೆದರಿಕೆಯಾಗುತ್ತಿತ್ತು. ದನಗಳಿಗೆ ಅದು ತಕ್ಷಣ ತಿಳಿಯುತ್ತದೆ. ಮಾಲೀಕರಿಗೆ ಅದಕ್ಕಿಂತ ಬೇಗ ತಿಳಿಯುತ್ತದೆ.

ಅಲ್ಲಿ ನನ್ನನ್ನು ಹಿಡಿದಿಟ್ಟದ್ದು ದನಕ್ಕಿಂತ ಹೆಚ್ಚಾಗಿ ಗಡಿ. ಶಾಲೆಯಲ್ಲಿ ನಕಾಶೆಯ ಮೇಲೆ ದಪ್ಪ ಗೆರೆ ಎಳೆದು ಬಣ್ಣ ತುಂಬಿದ್ದೆ. ನಿಜವಾದ ಗಡಿ ನೋಡಿದ್ದು ಇಲ್ಲೇ. ಎಂಟು ಹೆಜ್ಜೆ ಅಗಲದ ಒಂದು ಹಳ್ಳ. ಬೇಸಿಗೆಯಲ್ಲಿ ಪಾದ ನೆನೆಯುವಷ್ಟು ನೀರು. ಹೆಂಗಸರು ಬಟ್ಟೆ ಒಗೆಯುವ ಕಲ್ಲು ತಮಿಳುನಾಡಿನಲ್ಲಿ, ಒಣಹಾಕುವ ಬಂಡೆ ಕರ್ನಾಟಕದಲ್ಲಿ. ಹಳ್ಳದ ಆಚೆ ದಂಡೆಯಲ್ಲಿ ನಲವತ್ತು ಮನೆಯ ಒಂದು ಊರು, ಈಚೆಗೆ ಆ ಊರಿನವರು ತಲೆತಲಾಂತರದಿಂದ ದನಕ್ಕೆ ನೀರು ಕುಡಿಸುವ ಕೆರೆ. ಕೆರೆ ದಾಟಿ ಅರ್ಧ ಮೈಲಿ ಈಚೆಗೆ ನನ್ನ ಠಾಣೆ. ಆ ಊರಿನ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತಿದ್ದವು. ತಮಿಳು ಬರುತ್ತಿದ್ದದ್ದು ಕಂದಾಯದ ಕಾಗದದಲ್ಲಿ. ನಾನು ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದಿಡುತ್ತಿದ್ದೆ. ಕೋಳಿ ಗಡಿ ದಾಟಿದರೆ ಲೆಕ್ಕಕ್ಕಿಲ್ಲ, ಕುರಿ ದಾಟಿದರೆ ಲೆಕ್ಕ, ಏಕೆ? ಈಚೆಯ ಹುಲ್ಲು ತಿಂದು ಆಚೆ ಹಾಕಿದ ಸಗಣಿ ಯಾರದು? ಇಂಥ ಪ್ರಶ್ನೆ ಕೇಳಿದರೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರು, ಅಂದರೆ ನನ್ನ ಮೇಲಧಿಕಾರಿ, "ಕೆಲಸ ಇಲ್ಲದ ಬಡಗಿ ಮಗುವಿನ ಏನೋ ಕೆತ್ತಿದ್ನಂತೆ, ಆ ಜಾತಿ ಕಣಯ್ಯ ನೀನು" ಎಂದು ನಗುತ್ತಿದ್ದರು.

ಆಚೆಯ ಊರಿನಿಂದ ದಿನವೂ ಕೆರೆಗೆ ಬರುತ್ತಿದ್ದವರಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಎರಡು ಎಕರೆ ಹೊಲ, ಒಂದು ಜೊತೆ ಎತ್ತು, ಒಂದು ಗಬ್ಬದ ಹಸು. ಹಸು ಸೀಮೆ ತಳಿಯದು, ಆಕೆಯ ಕೊಟ್ಟಿಗೆಯಲ್ಲೇ ಹುಟ್ಟಿ ಬೆಳೆದದ್ದು, ಚೊಚ್ಚಲು. ಆಕೆಯ ತವರು ನನ್ನ ಠಾಣೆಯಿಂದ ಒಂದು ಮೈಲಿ ಈಚೆಗೆ. "ನಾನು ಅಳ್ಳ ದಾಟಿ ಮದ್ವೆ ಆಗಿದ್ದು ಅಷ್ಟೇ ಕಣಪ್ಪ. ರಾಜ್ಯ ದಾಟಿದೀನಿ ಅಂತ ರೇಷನ್ ಕಾರ್ಡ್ ಮಾಡ್ಸಕ್ಕೋದಾಗ್ಲೇ ಗೊತ್ತಾಗಿದ್ದು" ಎಂದು ಒಮ್ಮೆ ಹೇಳಿದ್ದಳು. ನಾನು ಹಸುವನ್ನು ಅಂಜುತ್ತಾ ಮುಟ್ಟುವುದನ್ನು ನೋಡಿ, ಮೊದಲು ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ನೀವಿ ಆಮೇಲೆ ಕೊರಳಿಗೆ ಕೈ ಹಾಕಬೇಕೆಂದು ಕಲಿಸಿದವಳೂ ಆಕೆಯೇ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

ಆ ವರ್ಷ ಮುಂಗಾರಿಗೆ ಮುಂಚೆ ಸುದ್ದಿ ಬಂತು. ತಂದವನು ಆಚೆ ಕಡೆಯ ಜಾನುವಾರು ಇನ್ಸ್‌ಪೆಕ್ಟರ್. ನನ್ನದೇ ವಯಸ್ಸು, ಸೈಕಲ್ ಮೇಲೆ ಹತ್ತು ಊರು ಸುತ್ತುವ ಕೆಲಸ, ಹೊಸೂರಿಗೆ ಬಂದ ಮೇಲೆ ಕಲಿತ ಕನ್ನಡ. ಠಾಣೆಯ ಪಕ್ಕದ ಟೀ ಅಂಗಡಿಯಲ್ಲಿ ನಾವಿಬ್ಬರೂ ವಾರಕ್ಕೆರಡು ಸಲ ಭೇಟಿಯಾಗುತ್ತಿದ್ದೆವು. ಅವನು ಲೋಟ ಹಿಡಿದುಕೊಂಡೇ, "ಮೂರು ಊರು ಆಚೆ ಬಂದ್ಬಿಟ್ಟಿದೆ ಸಾರ್, ದೊಡ್ಡರೋಗ. ನಿನ್ನೆ ಐದು ದನ ಹೂಳಿಸ್ದೆ" ಅಂದ.

"ನಿಮ್ಮ ಲಸಿಕೆ?"

"ಇದ್ದಿದ್ದೆಲ್ಲ ಆ ಊರುಗಳಿಗೇ ಆಯ್ತು. ಹೊಸ ಸ್ಟಾಕ್ ಬರೋಕೆ ತುಂಬಾ ದಿನ ಆಗುತ್ತೆ. ಹಳ್ಳದ ದಂಡೆ ಊರು ಪೂರ್ತಿ ಬಾಕಿ ಇದೆ."

ನನ್ನ ಫ್ಲಾಸ್ಕಿನಲ್ಲಿ ಆಗ ಲಸಿಕೆಯ ಎರಡು ಆಂಪ್ಯೂಲು, ಬಾಯಿ ಬೆಸೆದ ಗಾಜಿನ ಸಣ್ಣ ಕುಪ್ಪಿಗಳು, ಇದ್ದವು. ಒಂದೊಂದರಲ್ಲಿ ನೂರು ದನಕ್ಕಾಗುವಷ್ಟು ಪುಡಿ. ಆ ಊರಿನ ದನ ಹೆಚ್ಚುಕಡಿಮೆ ಅಷ್ಟೇ, ಇನ್ನೂರರ ಹತ್ತಿರ. ಇಬ್ಬರೂ ಒಂದೇ ಲೆಕ್ಕ ಹಾಕಿದೆವು. ಮರುದಿನ ನಾನು ಡಾಕ್ಟರ ಮುಂದೆ ನಿಂತೆ.

"ಹಳ್ಳದಾಚೆ ಹೋಗಿ ಸೂಜಿ ಹಾಕೋಕೆ ನಿನಗೂ ಅಧಿಕಾರ ಇಲ್ಲ, ನನಗೂ ಇಲ್ಲ" ಅಂದರು ಅವರು. "ಅವರ ಸರ್ಕಾರ ಕೇಳ್ಬೇಕು, ನಮ್ಮ ಸರ್ಕಾರ ಕೊಡ್ಬೇಕು. ಪತ್ರ ಬರೀತೀನಿ." ನನ್ನ ಎದುರಿಗೇ ಬರೆದರು. ಆ ಪತ್ರ ಜಿಲ್ಲೆಗೆ ಹತ್ತಿ, ಅಲ್ಲಿಂದ ನಿರ್ದೇಶನಾಲಯ, ವಿಧಾನಸೌಧ, ಆಮೇಲೆ ಮದ್ರಾಸಿಗೆ ಹೋಗಿ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹಳ್ಳದ ಆಚೆ ದಂಡೆಗೆ ಬರಬೇಕಿತ್ತು. ಉತ್ತರ ಬರುವ ಹೊತ್ತಿಗೆ ನನಗೆ ಬೇರೆ ಊರಿಗೆ ವರ್ಗವಾಗಿತ್ತು.

ಆ ಸಂಜೆ ಕೆರೆಯ ಬಳಿ ಆ ಹೆಂಗಸಿಗೆ ಇದನ್ನೆಲ್ಲ ಹೇಳಿದೆ. ಹೇಳುವಾಗ ನನಗೆ ಸಿಟ್ಟು ಬಂದಿತ್ತು, ಆಕೆಗೆ ಬರಲಿಲ್ಲ. ಹಸುವಿನ ಹಗ್ಗ ಸಡಿಲ ಬಿಡುತ್ತಾ ಕೇಳಿದಳು.

"ಸಂತೆಗೆ ಓಗೋ ದನಕ್ಕೆ ಆಕ್ತೀಯಲ್ಲಪ್ಪ. ಅವೂ ನಮ್ ಕಡೇವೇ ತಾನೇ?"

"ಅವು ಗಡಿ ದಾಟಿ ನಮ್ಮ ರಾಜ್ಯಕ್ಕೆ ಬರ್ತವೆ ಅಮ್ಮ. ಒಳಗೆ ಬರೋ ದನಕ್ಕೆ ಹಾಕ್ಲೇಬೇಕು ಅಂತ ರೂಲ್ಸಿದೆ."

"ಮತ್ತೆ ಇದು ಈಗ ಎಲ್ಲಿ ನಿಂತೈತೆ?"

ಹಸು ಕೆರೆಯಲ್ಲಿ ಮೊಣಕಾಲುದ್ದ ಇಳಿದು ನೀರು ಕುಡಿಯುತ್ತಿತ್ತು. ಕರ್ನಾಟಕದ ಕೆರೆ, ಕರ್ನಾಟಕದ ನೀರು. ಆ ಊರಿನ ಇನ್ನೂರು ದನವೂ ದಿನಕ್ಕೊಮ್ಮೆ ರಾಜ್ಯವನ್ನು ಪ್ರವೇಶಿಸಿ, ಹೊಟ್ಟೆ ತುಂಬ ಕುಡಿದು, ವಾಪಸು ಹೋಗುತ್ತಿದ್ದವು. ಠಾಣೆ ಅರ್ಧ ಮೈಲಿ ದೂರವಿದ್ದುದರಿಂದ ನಾನು ಅದನ್ನು ಪ್ರವೇಶ ಎಂದು ಎಣಿಸಿಯೇ ಇರಲಿಲ್ಲ. ಗಡಿಯ ಬಗ್ಗೆ ನೋಟ್‌ಬುಕ್ ತುಂಬ ಪ್ರಶ್ನೆ ಬರೆದುಕೊಂಡಿದ್ದ ನನಗೆ ಇದು ಹೊಳೆಯದೆ, ದನಕ್ಕೆ ನೀರು ಕುಡಿಸಲು ಬಂದವಳಿಗೆ ಹೊಳೆಯಿತು. ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು.

ಮರುದಿನ ಇದನ್ನು ಹೇಳಿದಾಗ ಡಾಕ್ಟರು ಇಲಾಖೆಯ ಸುತ್ತೋಲೆ ತೆಗೆದು ಬೆರಳಿಟ್ಟು ಓದಿದರು. 'ಕಾಲ್ನಡಿಗೆಯಲ್ಲಿ ರಾಜ್ಯವನ್ನು ಪ್ರವೇಶಿಸುವ ಎಲ್ಲಾ ಜಾನುವಾರುಗಳು' ಎಂದಿತ್ತು. ಎಷ್ಟು ದೂರ ಬರಬೇಕು, ಎಷ್ಟು ಹೊತ್ತು ಇರಬೇಕು ಎಂದು ಇರಲಿಲ್ಲ. ರಿಜಿಸ್ಟರಿನಲ್ಲಿ 'ಪ್ರವೇಶದ ಉದ್ದೇಶ' ಎಂಬ ಕಾಲಂ ಇತ್ತು. ನಾನು ಎಂದೂ 'ಸಂತೆ' ಅಥವಾ 'ಉಳುಮೆ' ಬಿಟ್ಟು ಬೇರೆ ಬರೆದವನಲ್ಲ.

"ನೀರು ಕುಡಿಯಲು ಅಂತ ಬರೀ" ಅಂದರು ಡಾಕ್ಟರು. "ಸುಳ್ಳೇನಲ್ವಲ್ಲ. ಆದ್ರೆ ನೋಡು, ಅವು ನಿನ್ನ ಹತ್ರ ಬರ್ಬೇಕು. ನೀನು ಹಳ್ಳ ದಾಟ್ಕೂಡ್ದು. ದಾಟ್ದೆ ಅಂದ್ರೆ ನಾನು ನಿನ್ನನ್ನ ನೋಡೇ ಇಲ್ಲ ಅಂತೀನಿ." ಅವರ ಮುಖದಲ್ಲಿ ನಗುವಿರಲಿಲ್ಲ. ಮೂರು ಹೆಣ್ಣುಮಕ್ಕಳ ತಂದೆ, ನಿವೃತ್ತಿಗೆ ನಾಲ್ಕು ವರ್ಷ. ಅವರು ಅಷ್ಟು ಒಪ್ಪಿದ್ದೇ ದೊಡ್ಡದು.

ಒಂದು ಕೊಕ್ಕೆ ಉಳಿದಿತ್ತು. ನಮ್ಮ ತೂತು ಬಲಗಿವಿಗೆ, ಆಚೆಯವರದು ಎಡಗಿವಿಗೆ. ಬಲಗಿವಿ ತೂತಾದ ದನ ಆಚೆಯ ಊರಿನಲ್ಲಿ ಕಂಡರೆ ಅದು ಹೊರಗಿನಿಂದ ಬಂದ ದನ, ಅವರ ಕಾನೂನಿನಂತೆ ಹಿಡಿದು ಕಟ್ಟಿಹಾಕಬೇಕು. ಹುಟ್ಟಿದ ಕೊಟ್ಟಿಗೆಯಲ್ಲೇ ಹಸು ಪರದೇಶಿ! ಇದಕ್ಕೆ ಇನ್ಸ್‌ಪೆಕ್ಟರ್ ದಾರಿ ಹುಡುಕಿದ. ದನ ಹಳ್ಳ ದಾಟಿ ವಾಪಸು ಕಾಲಿಡುವ ಜಾಗದಲ್ಲಿ ಅವನು ಕೂತು, 'ಕರ್ನಾಟಕದಿಂದ ಬಂದದ್ದು, ಲಸಿಕೆಯಾಗಿದೆ' ಎಂದು ಒಂದೊಂದಕ್ಕೂ ಒಳಬರುವ ಚೀಟಿ ಬರೆಯುವುದು. ಅಂದರೆ ದನ ಬೆಳಿಗ್ಗೆ ನಮ್ಮ ರಾಜ್ಯಕ್ಕೆ ಬಂದು, ಹತ್ತು ನಿಮಿಷಕ್ಕೆ ಅವರ ರಾಜ್ಯಕ್ಕೆ ಬಂದಂತೆ. ಎರಡೂ ಕಡೆ ಪೂರ್ತಿ ಕಾನೂನುಬದ್ಧ. ನಾವಿಬ್ಬರೂ ಟೀ ಅಂಗಡಿಯಲ್ಲಿ ಬಿದ್ದು ಬಿದ್ದು ನಕ್ಕೆವು. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಎಲ್ಲರೂ ದನ ಹೊಡೆದುಕೊಂಡು ಠಾಣೆಗೆ ಬರಬೇಕೆಂದು ಊರಿಗೆ ಹೇಳಲು ಅವನು ಗುರುವಾರ ಮಧ್ಯಾಹ್ನ ಸೈಕಲ್ ಹತ್ತಿದ.

ಶುಕ್ರವಾರ ಆರೂ ಮುಕ್ಕಾಲಿಗೆ ನಾನು ಮೇಜು ಹೊರಗೆ ಹಾಕಿ, ಸೂಜಿ ಕುದಿಸಿ, ಒಂದು ಆಂಪ್ಯೂಲಿನ ಕತ್ತು ಒಡೆದು, ತಣ್ಣನೆಯ ಉಪ್ಪುನೀರಿನಲ್ಲಿ ಪುಡಿ ಕರಗಿಸಿದೆ. ಒಮ್ಮೆ ಕರಗಿಸಿದರೆ ಒಂದೆರಡು ಗಂಟೆ ಮಾತ್ರ. ಆಮೇಲೆ ಅದು ಬರೀ ನೀರು. ಏಳಾಯಿತು. ಏಳೂವರೆ. ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಎಂಟಕ್ಕೆ ಬೊಮ್ಮಸಂದ್ರದ ಕಾರ್ಖಾನೆ ಪಾಳಿಗೆ ಹೊರಟ ಇಬ್ಬರು ಸೈಕಲ್ಲಿನಲ್ಲಿ ಹೋದರು. ಒಂಬತ್ತೂವರೆಗೆ ನಾನು ಅಷ್ಟನ್ನೂ ಬಚ್ಚಲ ಗುಂಡಿಗೆ ಚೆಲ್ಲಿದೆ. ನೂರು ದನದ ಜೀವ. ಕಾರ್ಖಾನೆಯವನ ಮಗ ನಾನು. ಏಳು ಎಂದರೆ ಏಳು, ಸೈರನ್ ಆದರೆ ಜನ ಗೇಟಿನ ಮುಂದಿರುತ್ತಾರೆ ಎಂದೇ ನಂಬಿದ್ದೆ. ದನ ಕಣ್ಣಿಗೆ ಬೀಳುವ ಮೊದಲು ಆಂಪ್ಯೂಲು ಒಡೆಯಬಾರದು ಎಂಬ ಸಾಮಾನ್ಯ ಬುದ್ಧಿ ಹಳ್ಳಿಯಲ್ಲಿ ಬೆಳೆದ ಯಾರಿಗಾದರೂ ಇರುತ್ತಿತ್ತು.

ಸಿಟ್ಟು ನೆತ್ತಿಗೇರಿತ್ತು. ಬಿರಬಿರನೆ ಕೆರೆಯ ಕಡೆ ನಡೆದೆ. ಕೆರೆ ಏರಿಯ ಈ ತುದಿಯಲ್ಲಿ, ಹೊಂಗೆ ಮರದ ಬುಡದಲ್ಲಿ, ಅರಿಶಿನ ಕುಂಕುಮ ಬಳಿದ ಒಂದು ಮೋಟು ಕಲ್ಲಿತ್ತು. ಅದನ್ನು ದಾಟುವ ಹೊತ್ತಿಗೆ ಏರಿಯ ಮೇಲಿಂದ ಆ ಹೆಂಗಸು ಕೂಗಿದಳು.

"ಅಲ್ಲೇ ನಿಂತ್ಕೋ! ಕಲ್ಲು ದಾಟ್ಬ್ಯಾಡ! ದಾಟಿದ್ರೆ ಬುಧವಾರದ್ಗಂಟ ನೀನು ವಾಪಸ್ ಓಗಂಗಿಲ್ಲ!"

ಆಗ ತಿಳಿಯಿತು. ಗುರುವಾರ ಸಂಜೆ ನನಗೆ ತಮಟೆ ಕೇಳಿತ್ತು, ಯಾರದೋ ಮದುವೆ ಅಂದುಕೊಂಡಿದ್ದೆ. ಅದು ಸಾರು ಹಾಕಿದ್ದು. ದೊಡ್ಡರೋಗ ಮೂರು ಊರು ಆಚೆ ಬಂದಿದೆ ಎಂದು ಊರಿನವರು ಮಾರಮ್ಮನಿಗೆ ಹರಕೆ ಹೊತ್ತು, ಮಂಗಳವಾರ ಪೂಜೆ ಎಂದು ಸಾರಿಸಿದ್ದರು. ಸಾರು ಹಾಕಿದ ಮೇಲೆ ಪೂಜೆ ಮುಗಿದು ಬೆಳಗಾಗುವ ತನಕ ಊರಿನ ಜನವಾಗಲಿ ದನವಾಗಲಿ ಊರಿನ ಎಲ್ಲೆ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ಹೊರಗಿನವರು ಒಳಗೆ ಬಂದರೆ ಅವರೂ ಅಲ್ಲೇ.

"ಆ ಇನ್ಸ್‌ಪೆಕ್ಟರ್ ಎಲ್ಲಿ?"

"ನಮ್ಮನೇಲವ್ನೆ. ಬಂದು ಮಾತಾಡ್ತಾ ನಿಂತಿದ್ದ, ತಮಟೆ ಬಡಿದ್ಬುಟ್ರು. ಓಗೋಕ್ ಬಿಡಲಿಲ್ಲ. ಪಾಪ, ಮುದ್ದೆ ನುಂಗಕ್ ಬರಲ್ಲ ಅದುಕ್ಕೆ, ಅಗೀತದೆ!"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೂರು ದನದ ಲಸಿಕೆ ಗುಂಡಿಗೆ ಹೋಗಿದೆ, ಇವರು ತಮಟೆ ಬಡಿದು ಕೂತಿದ್ದಾರೆ, ಬುಧವಾರದವರೆಗೆ ರೋಗ ಕಾಯುತ್ತದೆಯೇ? ಹಾಗೆಂದು ಕೂಗಾಡಿದೆ. ನಿಮ್ಮ ಮಾರಮ್ಮನ ಎಲ್ಲೆಗೂ ಸರ್ಕಾರದ ಗಡಿಗೂ ಏನೂ ವ್ಯತ್ಯಾಸ ಇಲ್ಲ, ಎರಡೂ ದನ ಸಾಯಿಸುತ್ತವೆ ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆಕೆಯ ಹಿಂದೆ ಊರಿನ ದನಗಳು ಎಂದಿನಂತೆ ಕೆರೆಗೆ ಇಳಿಯುತ್ತಿದ್ದವು.

ಅದನ್ನು ನೋಡಿ ಕೇಳಿದೆ. "ಅಮ್ಮ, ಎಲ್ಲೆ ದಾಟ್ಕೂಡ್ದು ಅಂದ್ರಲ್ಲ. ಕೆರೆಗೆ ಹೇಗೆ ಬಂದ್ವು?"

"ಕೆರೆ ಎಲ್ಲೆ ಒಳಗೇ ಐತಲ್ಲ. ಎಲ್ಲೆಕಲ್ಲು ನಿನ್ ಕಾಲತ್ರ ಇರೋದು."

ಹಳ್ಳದ ಮಧ್ಯೆ ಸರ್ಕಾರದ ಗಡಿ. ಅಲ್ಲಿಂದ ಕೆರೆ ಬಳಸಿ ಏರಿಯ ಈ ತುದಿಯ ಹೊಂಗೆ ಮರದವರೆಗೆ ಊರಿನ ಎಲ್ಲೆ. ಯಾವ ರಾಜನೋ ಯಾವ ಸಾಹೇಬನೋ ಹಳ್ಳದ ಮೇಲೆ ಗೆರೆ ಎಳೆಯುವ ಮುಂಚೆ ಊರು ತನ್ನ ಕಲ್ಲು ನೆಟ್ಟಿತ್ತು, ಆಮೇಲೆ ಯಾರೂ ಅದನ್ನು ಕೀಳುವ ಗೋಜಿಗೆ ಹೋಗಿರಲಿಲ್ಲ. ಹಾಗಾಗಿ ಹಳ್ಳಕ್ಕೂ ಈ ಕಲ್ಲಿಗೂ ನಡುವಿನ ನೆಲ ಮಾರಮ್ಮನ ಲೆಕ್ಕದಲ್ಲಿ ಆ ಊರು, ಸರ್ಕಾರದ ಲೆಕ್ಕದಲ್ಲಿ ಕರ್ನಾಟಕ. ದನಗಳು ಅಲ್ಲಿ ನಿಂತರೆ ಸಾರೂ ಮುರಿಯುವುದಿಲ್ಲ, ನನ್ನ ಸುತ್ತೋಲೆಯೂ ಮುರಿಯುವುದಿಲ್ಲ. ನನ್ನ ನೋಟ್‌ಬುಕ್ಕಿನ ಒಂದು ಪ್ರಶ್ನೆಯೂ ಇದರ ಹತ್ತಿರ ಸುಳಿದಿರಲಿಲ್ಲ.

ಶನಿವಾರ ಬೆಳಿಗ್ಗೆ ಠಾಣೆಯ ಮೇಜನ್ನು ತಲೆಯ ಮೇಲೆ ಹೊತ್ತು ತಂದು ಎಲ್ಲೆಕಲ್ಲಿನ ಈಚೆಗೆ ಇಟ್ಟೆ. ನಾನು ಕಲ್ಲಿನ ಹೊರಗೆ, ದನ ಒಳಗೆ. ದನವನ್ನು ಕಲ್ಲಿನವರೆಗೆ ತಂದು ಕೊರಳು ಮುಂದೆ ಚಾಚುವಂತೆ ಹಿಡಿಯುತ್ತಿದ್ದರು, ನಾನು ಇತ್ತ ನಿಂತು ಕೈ ನೀಡಿ ಚುಚ್ಚುತ್ತಿದ್ದೆ. ಹಳ್ಳದ ಆಚೆ ದಂಡೆಯಲ್ಲಿ ಇನ್ಸ್‌ಪೆಕ್ಟರ್ ಒಂದು ಒರಳನ್ನು ಮೇಜು ಮಾಡಿಕೊಂಡು ಚೀಟಿ ಬರೆಯುತ್ತಿದ್ದ, ಮೈಮೇಲೆ ಯಾರದೋ ಪಂಚೆ.

ಆದರೆ ಇದ್ದದ್ದು ಒಂದೇ ಆಂಪ್ಯೂಲು. ನನ್ನ ತಪ್ಪಿನಿಂದ ಊರಿನ ಅರ್ಧ ದನಕ್ಕೆ ಮಾತ್ರ. ಹಿರಿಯರು ಕೂತು, ಪ್ರತಿ ಮನೆಯವರೂ ತಮಗೆ ಯಾವುದು ಹೆಚ್ಚೋ ಅದನ್ನು ಮೊದಲು ತರಲಿ, ಉಳಿದವು ಮುಂದಿನ ಸಲ ಎಂದು ತೀರ್ಮಾನಿಸಿದ್ದರು. ಹೆಚ್ಚಿನವರು ಎತ್ತು ತಂದರು. ಆ ಹೆಂಗಸು ಎತ್ತುಗಳನ್ನು ಮನೆಯಲ್ಲಿ ಕಟ್ಟಿ ಹಸುವನ್ನು ಹಿಡಿದು ಬಂದಳು. ನಾನು ಸಿರಿಂಜು ಕೆಳಗಿಟ್ಟೆ.

"ಅಮ್ಮ, ಇದು ತುಂಬಿದ ಗಬ್ಬ. ಇಷ್ಟು ತಿಂಗಳಾದ್ಮೇಲೆ ಹಾಕ್ಬಾರ್ದು ಅಂತ ಲಸಿಕೆ ಜೊತೆ ಬಂದ ಕಾಗದದಲ್ಲಿದೆ. ಕರು ಹೋದ್ರೂ ಹೋಗ್ಬಹುದು."

"ಆಕ್ದಿದ್ರೆ?"

"ರೋಗ ಬಂದ್ರೆ ಎರಡೂ ಹೋಗ್ತವೆ."

ಆಕೆ ಹಸುವಿನ ಗಂಗೆದೊಗಲು ನೀವುತ್ತಾ ನಿಂತಳು. ಹಿಂದೆ ಸಾಲು ಕಾಯುತ್ತಿತ್ತು, ಲಸಿಕೆಯ ಹೊತ್ತು ಮೀರುತ್ತಿತ್ತು. "ಆಕಪ್ಪ" ಅಂದಳು. ನಾನು ಹಾಕಿದೆ. ಬೇಡ ಎಂದು ಹೇಳುವ ಧೈರ್ಯವಾಗಲಿ, ಆಗಲಿ ಎಂದು ಹೇಳುವ ತಿಳಿವಳಿಕೆಯಾಗಲಿ ನನಗಿರಲಿಲ್ಲ.

ಅಲ್ಲಿಂದ ಮುಂದೆ ದಿನವೂ ಬೆಳಿಗ್ಗೆ ಎಲ್ಲೆಕಲ್ಲಿನ ಹೊರಗೆ ನಿಂತು ಕೆರೆಗೆ ಇಳಿಯುವ ದನಗಳ ನಡುವೆ ಆ ಹಸುವನ್ನು ಹುಡುಕುತ್ತಿದ್ದೆ. ಭಾನುವಾರ ಬಂತು. ಸೋಮವಾರ ಬಂತು. ಮಂಗಳವಾರ ಬಂದು, ನೀರು ಕುಡಿಯದೆ ತಲೆ ತಗ್ಗಿಸಿ ನಿಂತಿತ್ತು. ಬುಧವಾರ ಬರಲಿಲ್ಲ. ಅಷ್ಟರಲ್ಲಿ ಪೂಜೆ ಮುಗಿದು ಸಾರು ಕಳೆದಿತ್ತು. ಡಾಕ್ಟರ ಮಾತು ಮರೆತು, ಮರೆತೇನು, ಬೇಕೆಂದೇ ಬಿಟ್ಟು, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳ ದಾಟಿದೆ. ಎಷ್ಟು ತಿಂಗಳಿನಿಂದ ದಾಟಿ ನೋಡಬೇಕು ಅಂದುಕೊಂಡಿದ್ದ ಗಡಿ. ದಾಟಿದ್ದು ನನ್ನ ಗಮನಕ್ಕೇ ಬರಲಿಲ್ಲ.

ಹಸು ಕೊಟ್ಟಿಗೆಯಲ್ಲಿ ನಿಂತಿತ್ತು, ಹೊಟ್ಟೆ ಇಳಿದಿತ್ತು. ಕರು ಸತ್ತೇ ಹುಟ್ಟಿತ್ತು, ಹೆಣ್ಣುಗರು. ಬೆಳಗಿನ ಜಾವವೇ ತಿಪ್ಪೆಯ ಪಕ್ಕ ಹೂತಿದ್ದರು. ಆಕೆ ನನಗೆ ಒಂದು ಚೊಂಬು ನೀರು ಕೊಟ್ಟಳು. ನಾನು "ಅಮ್ಮ" ಅಂದೆ. ಆಕೆ ಹಸುವಿಗೆ ಹುಲ್ಲು ಹಾಕಲು ತಿರುಗಿದಳು. ಜಗಲಿಯ ಮೇಲಿದ್ದ ನಾಲ್ಕು ಜನ ನನ್ನನ್ನು ನೋಡಿದ ರೀತಿ ಇವತ್ತೂ ನೆನಪಿದೆ.

ಲಸಿಕೆಯಿಂದಲೇ ಹೋಯಿತೆ? ಡಾಕ್ಟರನ್ನು ಕೇಳಿದೆ. "ಗೊತ್ತಿಲ್ಲ ಕಣಯ್ಯ. ಕೆಸರಲ್ಲಿ ಜಾರಿದ್ರೂ ಹೋಗುತ್ತೆ, ಚೊಚ್ಚಲು ಅಂತಾನೂ ಹೋಗುತ್ತೆ, ಸೂಜಿಯಿಂದ್ಲೂ ಹೋಗಬಹುದು" ಅಂದರು. ಹಳ್ಳ ದಾಟಿದ್ದಕ್ಕೆ ಬೈಯಲಿಲ್ಲ. ಆಮೇಲೆ ಮೂವತ್ತು ವರ್ಷ ಇದೇ ಇಲಾಖೆಯಲ್ಲಿದ್ದೆ, ತಿಳಿದವರು ಸಿಕ್ಕಾಗೆಲ್ಲ ಕೇಳಿದ್ದೇನೆ. ಯಾರೂ ಇದಮಿತ್ಥಂ ಎಂದು ಹೇಳಿಲ್ಲ. ನಾನು ಕೇಳುವುದನ್ನೂ ಬಿಟ್ಟಿಲ್ಲ.

ಹೊಸ ಆಂಪ್ಯೂಲು ಬಂದದ್ದು ಅದಾದ ಒಂದು ವಾರಕ್ಕೆ. ಬೆಂಗಳೂರಿನಿಂದ ಫ್ಲಾಸ್ಕ್ ಹೊತ್ತು ತಂದದ್ದು ಬೊಮ್ಮಸಂದ್ರದ ಒಂದು ಕಾರ್ಖಾನೆಯ ಪಾಳಿ ಬಸ್ಸು. ಡ್ರೈವರ್ ಅದನ್ನು ಜೋಪಾನವಾಗಿರಲಿ ಎಂದು ಬಿಸಿ ಬಾನೆಟ್ಟಿನ ಮೇಲೆ ಇಡಲು ಹೋಗಿದ್ದನಂತೆ. ಕಾರ್ಮಿಕರೊಬ್ಬರು, "ಗುರು, ಐಸ್ ಕಣೋ ಅದು!" ಎಂದು ಕಿತ್ತುಕೊಂಡು ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಅಷ್ಟು ಹೊತ್ತಿಗೆ ರೋಗ ಪಕ್ಕದ ಊರಿಗೇ ಬಂದಿತ್ತು. ಇನ್ಸ್‌ಪೆಕ್ಟರ್ ಮನೆ ಮನೆಗೂ ಹೋಗಿ ನಾಳೆ ಬೆಳಿಗ್ಗೆ ಉಳಿದ ದನ ತನ್ನಿ ಎಂದು ಹೇಳಿ ಬಂದ. ಬಂದವನ ಮುಖ ಬಿದ್ದುಹೋಗಿತ್ತು.

"ಯಾರೂ ತರಲ್ಲ ಸಾರ್. ಸೂಜಿ ಹಾಕಿದ್ರೆ ಕರು ಹೋಗುತ್ತೆ, ಗರ್ಭ ನಿಲ್ಲಲ್ಲ, ಎತ್ತಿಗೆ ಶಕ್ತಿ ಹೋಗುತ್ತೆ ಅಂತಿದಾರೆ. ಆ ಅಮ್ಮನ ಮನೆ ತೋರಿಸ್ತಾರೆ."

"ಆಯಮ್ಮ ಏನಂದ್ರು?"

"ಏನೂ ಅನ್ಲಿಲ್ಲ."

ಮರುದಿನ ಸಾರಿನ ಕಟ್ಟು ಇಲ್ಲದಿದ್ದರೂ ಮೇಜನ್ನು ಕೆರೆಯ ಬಳಿಗೇ ಒಯ್ದೆ. ಆಂಪ್ಯೂಲು ಐಸಿನಲ್ಲೇ ಇತ್ತು, ಮುಟ್ಟಲಿಲ್ಲ. ಏಳಾಯಿತು, ಎಂಟಾಯಿತು. ಹಳ್ಳದ ಆಚೆ ಜನ ಗುಂಪಾಗಿ ನಿಂತು ನಮ್ಮನ್ನು ನೋಡುತ್ತಿದ್ದರು. ದನಗಳನ್ನು ಅವತ್ತು ಕೆರೆಗೂ ಬಿಟ್ಟಿರಲಿಲ್ಲ. ನೂರು ದನ ಉಳಿಯುವುದೋ ಹೋಗುವುದೋ ಅವತ್ತೇ ತೀರ್ಮಾನವಾಗಬೇಕಿತ್ತು. ತನ್ನಿ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

ಒಂಬತ್ತರ ಸುಮಾರಿಗೆ ಗುಂಪು ಸರಿದು ದಾರಿಯಾಯಿತು. ಆ ಹೆಂಗಸು ತನ್ನ ಎರಡು ಎತ್ತುಗಳ ಹಗ್ಗ ಹಿಡಿದು ಹಳ್ಳಕ್ಕೆ ಇಳಿದಳು. ಯಾರೋ ಹಿಂದಿನಿಂದ ಕೂಗಿ ಏನೋ ಅಂದರು, ತಿರುಗಿ ನೋಡಲಿಲ್ಲ. ನೇರ ಬಂದು ಮೇಜಿನ ಮುಂದೆ ಎತ್ತು ನಿಲ್ಲಿಸಿದಳು. "ಅಮ್ಮ, ನೀವಾ?" ಅಂದೆ.

"ಕರ ನಂದು ಓಯ್ತು. ಆಕು ಅಂದೋಳೂ ನಾನೇ" ಅಂದಳು, ಆಚೆ ದಂಡೆಯವರಿಗೂ ಕೇಳುವಂತೆ. "ಅಸ ಉಳ್ಕೊಂಡೈತೆ. ಇವೂ ಉಳ್ಕಳ್ಲಿ. ಅದೇನ್ ನಿಂತು ನೋಡ್ತೀಯ, ಸೂಜಿ ತಗಿ."

ನನಗೆ ಅಳು ಬಂತು. ತಲೆ ತಗ್ಗಿಸಿ ಆಂಪ್ಯೂಲು ಒಡೆದು, ಪುಡಿ ಕರಗಿಸಿ, ಮೊದಲನೆಯ ಎತ್ತಿನ ಗಂಗೆದೊಗಲು ನೀವಿದೆ. ಎರಡನೆಯದಕ್ಕೆ ಸಿರಿಂಜು ತುಂಬುವಾಗ ಹಳ್ಳದಲ್ಲಿ ನೀರು ಕಲಕುವ ಸದ್ದಾಯಿತು. ಯಾರದೋ ಎಮ್ಮೆ, ಅದರ ಹಿಂದೆ ಒಂದು ಜೊತೆ ಹೋರಿ ದಾಟುತ್ತಿದ್ದವು.